ಗಾಳಿ ಉಂಡ ಮೋಸಂಬಿ

ಎರಡು ಸಂಖ್ಯೆಗಳು ಒಂದೇ ಆದದ್ದು ಮರುಳಸಿದ್ದಪ್ಪನಿಗೆ ಮುಳುವಾಯಿತು. ಜಗಳಾಡಿದ ಗಂಡ ಹೆಂಡಿರು ಒಂದಾದರೆ ಓಣಿಯೆಲ್ಲ ಹಗುರಾಗುತ್ತದೆ. ಇಪ್ಪತ್ತು ಮೋಸಂಬಿ ಗಿಡದ ಸಿಹಿಯೂ ಇನ್ನಿಪ್ಪತ್ತು ಗಿಡದ ಸಿಹಿಯೂ ಒಂದಾದರೆ ಒಬ್ಬ ಬಡಪಾಯಿಯ ಅನ್ನ ಹೋಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಬುಕ್ಕಸಾಗರ ದಾಟಿ ಕಂಪ್ಲಿಗೆ ಹೋಗುವ ದಾರಿಯಲ್ಲಿ ಆ ಪ್ರಯೋಗದ ತೋಟ. ಎರೆ ಮಣ್ಣು, ಮಗ್ಗುಲಲ್ಲೇ ಕಾಲುವೆ. ನೀರುಂಡ ಮಣ್ಣು ಕಣಕದ ಹಾಗೆ ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತದೆ. ಬೇರಿಗೆ ಗಾಳಿ ಸಿಕ್ಕರೆ ಹಣ್ಣಿಗೆ ಸಕ್ಕರೆ ಹೆಚ್ಚು ಇಳಿದೀತೇ ಎಂದು ನೋಡಲು ಇಪ್ಪತ್ತು ಗಿಡಗಳ ಸುತ್ತ ತೂತಿನ ಪೈಪು ಹುಗಿದಿದ್ದರು. ಉಳಿದ ಇಪ್ಪತ್ತನ್ನು ಇದ್ದಂತೆಯೇ ಬಿಟ್ಟು, ಕಳೆ ತೆಗೆಯುವವರನ್ನು ಬಿಟ್ಟು ಯಾರೂ ಅವುಗಳ ಬುಡಕ್ಕೆ ಕಾಲಿಡಬಾರದು, ಹಣ್ಣನ್ನೂ ಹೊರಗಿನಿಂದಲೇ ಹರಿಯಬೇಕು ಎಂದು ಕಟ್ಟು ಮಾಡಿದ್ದರು. ಮೂರು ವರ್ಷ ಮುಗಿದಿತ್ತು. ಪೈಪಿನ ಗಿಡದ ಹಣ್ಣು ಹೆಚ್ಚು ಸಿಹಿಯಾಗಿದ್ದರೆ ಪ್ರಯೋಗ ಇನ್ನೂ ಮೂರು ವರ್ಷ ನಡೆಯುತ್ತದೆ. ಇಲ್ಲವಾದರೆ ಈ ತಿಂಗಳಿಗೇ ಮುಚ್ಚುತ್ತದೆ; ತೋಟದ ಸಹಾಯಕ ಮರುಳಸಿದ್ದಪ್ಪ ನಲವತ್ತೇಳನೆಯ ವಯಸ್ಸಿನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗಿ, ಹೆಂಡತಿಯ ತಮ್ಮ ಮಲ್ಲೇಶನ ಕೈಕೆಳಗೆ ಶಿಫ್ಟಿನ ಕೂಲಿಯಾಗಬೇಕು. ಮೈದುನನ ಕೈಕೆಳಗಿನ ಅನ್ನ ಎಷ್ಟು ಬೆಂದರೂ ಗಂಟಲಲ್ಲಿ ನಿಲ್ಲುತ್ತದೆ.

ಅಂದು ಸಂಜೆ ನಾಲ್ಕಕ್ಕೆ ಹೊಸಪೇಟೆಯಿಂದ ವಿಜ್ಞಾನಿ ಸುಮಧ್ವ ಅವರು ಲೆಕ್ಕ ನೋಡಲು ಬರುವವರಿದ್ದರು. ಬೆಳಗಿನಿಂದ ಮೋಡ ಕವಿದು, ಹೊತ್ತು ಏರಿದ್ದೇ ತಿಳಿಯಲಿಲ್ಲ. ಬ್ರಿಕ್ಸ್ ಮೀಟರಿನ ಗಾಜಿಗೆ ಎರಡು ಹನಿ ರಸ ಬಿಟ್ಟು, ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ನೋಡಿದರೆ, ಒಳಗೆ ನೀಲಿ ಗೆರೆ ಎಲ್ಲಿ ನಿಂತಿದೆಯೋ ಅಷ್ಟು ಸಿಹಿ. ಪೈಪಿನ ಗಿಡದ್ದು ಹತ್ತು ಪಾಯಿಂಟ್ ಎಂಟು. ಪೈಪಿಲ್ಲದ್ದು ಹತ್ತು ಪಾಯಿಂಟ್ ಎಂಟು. ಮರುಳಸಿದ್ದಪ್ಪ ಗಾಜು ಒರೆಸಿ ನೋಡಿದ, ಕಣ್ಣು ಒರೆಸಿ ನೋಡಿದ. ಗೆರೆ ಹಠದ ಎಮ್ಮೆಯಂತೆ ಅಲ್ಲೇ ನಿಂತಿತ್ತು.

"ಸಿದ್ದಪ್ಪಣ್ಣ, ಹಿಂಗ ಕಳಿಸಿದ್ರ ಪೈಪಿನ ಜತಿಗೆ ನಿಮ್ಮನ್ನೂ ಕಿತ್ತು ಹಾಕ್ತಾರ," ಎಂದ ಕಂಪ್ಯೂಟರಿಗೆ ಲೆಕ್ಕ ತುಂಬುವ ಮುರುಗೇಶ. "ಪೈಪಿನ ಗಿಡಕ್ಕ ಒಂದು ಪಾಯಿಂಟ್ ಏರಿಸಿ ಬಿಡ್ಲೇನು? ಗಿಡ ಬಂದು ಸಾಕ್ಷಿ ಹೇಳ್ತಾವೇನು?"

ಮರುಳಸಿದ್ದಪ್ಪ ಕೊರಳ ಲಿಂಗವನ್ನು ಮುಟ್ಟಿಕೊಂಡ. "ಬ್ಯಾಡಪ್ಪ. ಗಿಡ ಹೇಳಂಗಿಲ್ಲ, ಖರೆ. ಕೇಳಾಂವ ಬ್ಯಾರೆ ಅದಾನ."

ಕಾವಲುಗಾರ ದುರುಗಣ್ಣ ಬಾಗಿಲಿಗೆ ಒರಗಿಕೊಂಡೇ ತೀರ್ಪು ಕೊಟ್ಟ. "ನೀವು ನೆಳ್ಳಾಗಿನ ಹಣ್ಣು ಹರದೀರಿ. ತುದೀವು ನೋಡ್ರಿ, ಬಿಸಲು ಕುಡದಿರ್ತಾವ. ನಾ ತರ್ತೀನಿ, ನೀವು ಕುಂದ್ರಿ."

ಅರ್ಧ ತಾಸಿನ ಮೇಲೆ ಅವನು ಮೈಯೆಲ್ಲ ಮುಳ್ಳು ಗೀರಿಸಿಕೊಂಡು, ತಲೆಯ ಮೇಲೆ ಒಂದೇ ಪುಟ್ಟಿ ಹೊತ್ತು ಬಂದ.

"ಇನ್ನೊಂದು ಪುಟ್ಟಿ ಎಲ್ಲೈತಿ?" ಎಂದು ಮರುಳಸಿದ್ದಪ್ಪ ಕೇಳಿದ.

"ಎರಡು ಯಾಕ ಹೊರಬೇಕಂತ ಒಂದ್ರಾಗ ಸುರುವಿದ್ನಿ."

"ಲೇ ದುರುಗ, ಯಾವ ಹಣ್ಣು ಯಾವ ಗಿಡದ್ದಂತ ಈಗ ಹೆಂಗ ಗೊತ್ತಾಗಬೇಕಲೇ?"

"ಅಷ್ಟಕ್ಕ ಯಾಕ ಸಿಟ್ಟು? ತಿಂದು ಹೇಳ್ತೀನಿ ಬಿಡ್ರಿ." ದುರುಗಣ್ಣ ಕುಕ್ಕರುಗಾಲಲ್ಲಿ ಕೂತು ಒಂಬತ್ತು ಹಣ್ಣು ಮುಗಿಸಿದ. ಗಡ್ಡ ಒರೆಸಿಕೊಂಡು, "ಎಲ್ಲಾ ಒಂದ ಅದಾವ್ರಿ," ಎಂದ. ಅವನ ನಾಲಿಗೆಯೂ ಯಂತ್ರದ ಪಕ್ಷ ಸೇರಿತು.

"ಪೈಪಿನ್ಯಾಗ ಮಣ್ಣು ಕಟ್ಟಿರಬೇಕು," ಎಂದ ಮುರುಗೇಶ. ಮಣ್ಣೊಳಗಿನ ಗಾಳಿ ಅಳೆಯುವ ಯಂತ್ರ ರಿಪೇರಿಗೆಂದು ಹೋಗಿ ಎರಡು ವರ್ಷವಾಗಿತ್ತು. ಮರುಳಸಿದ್ದಪ್ಪ ಮೊಣಕಾಲೂರಿ, ಪೈಪಿಗೆ ಬಾಯಿ ಹಚ್ಚಿ ಊದಿದ. ಗಾಳಿ ಸರಾಗವಾಗಿ ಒಳಹೋಯಿತು. ಒಳಗಿದ್ದ ಕೆಂಪಿರುವೆಗಳು ಅಷ್ಟೇ ಸರಾಗವಾಗಿ ಹೊರಬಂದವು. ತುಟಿ ಬದನೆಕಾಯಿಯಾಯಿತು. ಗದ್ದೆಗೆ ಹೊರಟ ಹೆಂಗಸರು ಬೇಲಿಯಾಚೆ ನಿಂತು, "ಪಾಪ, ನೌಕರಿ ಚಿಂತಿಗೆ ನೆಲಕ್ಕ ಮುದ್ದು ಕೊಡಾಕ ಹತ್ಯಾನ," ಎಂದು ಮರುಗಿದರು.

ಪೈಪು ಸರಿಯಿದೆ, ಹಾಗಾದರೆ ಆ ಕಡೆಯ ಗಿಡಗಳಿಗೆ ಏನಾಗಿದೆ? ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವನು ಕಟ್ಟು ಮುರಿದು ಪೈಪಿಲ್ಲದ ಗಿಡದ ಬುಡಕ್ಕೆ ಕಾಲಿಟ್ಟ. ಇಟ್ಟ ಕಾಲು ತರಗೆಲೆಯೊಳಗೆ ಸರ್ರನೆ ಇಳಿದು, ಅಂಗಾತ ಬಿದ್ದ. ಎದ್ದು ಎಲೆ ಸರಿಸಿದರೆ ಗಿಡದ ಸುತ್ತ ಹಾರೆಯಿಂದ ಹೊಡೆದ ಆಳವಾದ ತೂತುಗಳು. ಮುಂದಿನ ಗಿಡಕ್ಕೂ ಹಾಗೇ. ಇಪ್ಪತ್ತಕ್ಕೂ ಹಾಗೇ.

ಆ ಸಾಲಿಗೆ ಕಳೆ ತೆಗೆಯಲು ಹೋಗುತ್ತಿದ್ದವಳು ಕೂಲಿಯ ತಾಯಕ್ಕ ಒಬ್ಬಳೇ. ಕರೆದು ಕೇಳಿದ. ಅವಳು ಸೆರಗು ಸರಿಮಾಡಿಕೊಂಡು, ತಪ್ಪೇ ಕಾಣದವಳಂತೆ ಹೇಳಿದಳು:

"ನಾನ ಹೊಡದೀನ್ರಿ ಅಣ್ಣಾರ. ಎರಡು ವರ್ಷ ಆತು. ಒಂದ ತಾಯಿ ಮಡಿಲಾಗ ಕುಂತಾವ, ಅವಕ್ಕ ಗಾಳಿ, ಇವಕ್ಕ ಇಲ್ಲ ಅಂದ್ರ ಹೆಂಗ್ರಿ? ಪಂಗ್ತ್ಯಾಗ ಕುಂತವರಿಗೆ ಒಬ್ಬರಿಗೆ ನೀಡಿ ಇನ್ನೊಬ್ಬರ ಎಲಿ ಬರಿದು ಬಿಟ್ರ ಶಿವ ಮೆಚ್ಚತಾನೇನು? ಪೈಪ್ ನನ್ನ ಕಡೆ ಇಲ್ಲ. ಹಾರಿ ಇತ್ತು."

ಮರುಳಸಿದ್ದಪ್ಪನಿಗೆ ಬೈಯಲು ಮನಸ್ಸು ಬರಲಿಲ್ಲ. ಮಠದ ದಾಸೋಹದಲ್ಲಿ ಬಡಿಸುವಾಗ ಅವನೂ ಕೊನೆಯ ಎಲೆಯತನಕ ಕಣ್ಣಿಟ್ಟು ನಡೆಯುವವನೇ. ತೂತುಗಳತ್ತ ಮತ್ತೆ ಬಗ್ಗಿದವನಿಗೆ ಥಟ್ಟನೆ ಬೆಳಕಾಯಿತು. ಎರಡೂ ಕಡೆ ಗಾಳಿ ಆಡಿದೆ. ಅದಕ್ಕೇ ಎರಡೂ ಕಡೆ ಒಂದೇ ಸಿಹಿ. ಗಾಳಿ ಕಾಣದ ಗಿಡ ಬೇಕೆಂದರೆ ಬದುವಿನಾಚೆ ಉಚ್ಚೆಂಗಪ್ಪನ ತೋಟವಿದೆ. ಅದೇ ಮಣ್ಣು, ಅದೇ ಕಾಲುವೆ, ಅದೇ ವರ್ಷ ನೆಟ್ಟ ಸಸಿ. ಓಡಿದ. ಉಚ್ಚೆಂಗಪ್ಪನ ನಾಯಿ ಪಂಚೆಯ ಅಂಚು ಕಿತ್ತುಕೊಂಡರೂ ಐದು ಹಣ್ಣು ತಂದು ಹಿಂಡಿದ. ಒಂಬತ್ತು ಪಾಯಿಂಟ್ ಒಂದು. ಹಳೆಯ ಪುಸ್ತಕ ತೆಗೆದ. ಪ್ರಯೋಗಕ್ಕೆ ಮುಂಚೆ ತಮ್ಮ ಗಿಡಗಳದ್ದೂ ಒಂಬತ್ತು ಪಾಯಿಂಟ್ ಒಂದೇ. ವಿರೂಪಾಕ್ಷ ಕಣ್ಣು ತೆರೆದನೆಂದು ಹಂಪಿಯ ದಿಕ್ಕಿಗೆ ಕೈಮುಗಿದ.

ನಾಲ್ಕಕ್ಕೆ ಬಂದ ಸುಮಧ್ವ ಅವರ ಮುಂದೆ, ಊದಿದ ತುಟಿಯಿಂದಲೇ ಎಲ್ಲವನ್ನೂ ಬಿಡಿಸಿ ಹೇಳಿದ. ಅವರು ತೂತಿಗೆ ಕಡ್ಡಿ ಇಳಿಸಿ ಆಳ ನೋಡಿದರು, ಪುಸ್ತಕ ನೋಡಿದರು, ಉಚ್ಚೆಂಗಪ್ಪನ ಹಣ್ಣಿನ ರಸವನ್ನು ತಾವೇ ಗಾಜಿಗೆ ಹಾಕಿ ನೋಡಿದರು. ಕೊನೆಗೆ ಅವನ ಹೆಗಲ ಮೇಲೆ ಕೈಯಿಟ್ಟರು.

"ಸಿದ್ದಪ್ಪನವರ, ನನಗ ಹೊಳೀದಿದ್ದನ್ನ ನೀವು ಹಿಡಿದೀರಿ. ಪೂರಾ ಸಾಧಿಸಬೇಕಂದ್ರ ಇನ್ನೂ ಮೂರು ವರ್ಷ ನೋಡಬೇಕು. ನಾ ಮ್ಯಾಲೆ ಮಾತಾಡ್ತೀನಿ, ಕೊಡ್ತಾರ."

ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಗುಂಡು ಇಳಿಯಿತು. ಸುಮಧ್ವ ಅವರು ಚೀಲದಿಂದ ಅರ್ಜಿಯ ಹಾಳೆ ತೆಗೆಯುತ್ತ ಮೆಲ್ಲಗೆ ಹೇಳಿದರು:

"ಒಂದು ಮಾತು ಅದ. ಹಾರಿಲೇ ಕೆಲಸ ಆಗ್ತದಂದ್ರ ಯಾವ ರೈತ ಪೈಪ್ ಕೊಳ್ತಾನ? ಪೈಪೇ ಬ್ಯಾಡಂತ ನೀವೇ ತೋರಿಸಿಕೊಟ್ರಿ. ನಿಮ್ಮ ಪೋಸ್ಟ್ ಇದ್ದದ್ದು ಪೈಪ್ ನೋಡಿಕೊಳ್ಳಾಕ. ಇನ್ನು ಮ್ಯಾಲ ಬೇಕಾಗೋದು ಹಾರಿ ಹೊಡೆಯೋ ಕೈ. ಎರಡು ವರ್ಷದ ಅನುಭವ ತಾಯಕ್ಕಗ ಅದ. ಇರೋದು ಒಂದ ಪೋಸ್ಟು."

ದುರುಗಣ್ಣ ಸಿಪ್ಪೆಗಳನ್ನು ಗುಡಿಸತೊಡಗಿದ.

ತಾಯಕ್ಕನಿಗೆ ಬರೆಯಲು ಬಾರದು. ಅವಳ ಅರ್ಜಿಯನ್ನು ಮರುಳಸಿದ್ದಪ್ಪನೇ ದುಂಡಗೆ ತುಂಬಿದ. ಊರು ಬರೆದ, ವಯಸ್ಸು ಬರೆದ. ಯಾರ ಜಾಗಕ್ಕೆ ಎಂದು ಕೇಳಿದ ಸಾಲಿಗೆ ಬಂದಾಗ ಪೆನ್ನು ಅರೆಗಳಿಗೆ ನಿಂತಿತು. ತಾಯಕ್ಕ ಹತ್ತಿರ ಬಂದು ಹಾಳೆಗೆ ಬಗ್ಗಿದಳು.

"ಇಲ್ಲಿ ಏನ್ ಬರೀತೀರಿ ಅಣ್ಣಾರ?"

"ಏನಿಲ್ಲವ್ವ," ಎಂದು ಮರುಳಸಿದ್ದಪ್ಪ ಆ ಸಾಲಿನಲ್ಲಿ ತನ್ನ ಹೆಸರನ್ನು, ಒಂದು ಅಕ್ಷರವೂ ಡೊಂಕಾಗದಂತೆ, ಪೂರ್ತಿ ಬರೆದ.