ಗವರ್ನರನ ಎತ್ತು

ಸಿದ್ದಲಿಂಗ ಬರೆದ ನಾಟಕದಿಂದ ಮೂವರು ಆಳುಗಳನ್ನು ತೆಗೆದುಹಾಕಿ, ಅವನಿಗೆ ಎತ್ತಿನ ಪಾತ್ರ ಕೊಟ್ಟರು.

ಅವನು ಸ್ವೀಡನ್ನಿನ ಲಿಂಕೋಪಿಂಗಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದುದು, ಅಮೆರಿಕದ ರಾಜ್ಯವೊಂದಕ್ಕೆ ಆರಂಭದ ವರ್ಷಗಳಲ್ಲಿ ಗವರ್ನರನಾಗಿದ್ದ ರೈತನೊಬ್ಬನ ಮೇಲೆ. ಆ ಪುಣ್ಯಾತ್ಮ ಕುರ್ಚಿಯೇರಿದ ಮೇಲೂ 'ನಾನು ರೈತ' ಎನ್ನುತ್ತಲೇ ಇದ್ದ. ನೇಗಿಲು ಮಾತ್ರ ಆಳುಗಳ ಕೈಯಲ್ಲಿತ್ತು. ಚರಿತ್ರೆಯಲ್ಲಿ ಆಳುಗಳ ಹೆಸರೂ ಇಲ್ಲ. ಲಿಂಕೋಪಿಂಗಿನ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಇದನ್ನು ಹೇಳಿಯೇ ತೀರಬೇಕೆಂಬುದು ಸಿದ್ದಲಿಂಗನ ಹಟ. "ಉಳೋರು ನಾವು, ಕುರ್ಚಿ ನಿಮಗಾ?" ಎಂಬ ಆಳಿನ ಮಾತನ್ನು ಗೆಳೆಯ ಧೀರಜನಿಗೆ ವಾರಗಟ್ಟಲೆ ಬಾಯಿಪಾಠ ಮಾಡಿಸಿದ್ದ.

"ಆ ಲೈನ್ ತುಂಬಾ ನೆಗೆಟಿವ್ ಕಣೋ," ಎಂದರು ಕಾರ್ಯದರ್ಶಿ ಶೋಭನಾ. "ಫ್ಯಾಮಿಲಿ ಪ್ರೋಗ್ರಾಮು. ಎತ್ತು ಇದ್ರೆ ಮಕ್ಳಿಗೂ ಖುಷಿ."

ಗವರ್ನರನ ಪಾತ್ರ ಸಂಘದ ಅಧ್ಯಕ್ಷ ರಮಾನಂದರದು. ಕುಂಡದಲ್ಲಿ ಕರಿಬೇವನ್ನೂ ಬದುಕಿಸಲಾಗದವರು, ಹಿಮ ಬಾಚುವ ಸಲಿಕೆಗೆ ಬಣ್ಣ ಬಳಿದು ನೇಗಿಲೆಂದು ಹಿಡಿದು ರಂಗಕ್ಕೆ ಬಂದರು. ಎತ್ತಿನ ವೇಷವೆಂದು ಹೊದಿಸಿದ ಸೋಫಾ ಹೊದಿಕೆಯೊಳಗೆ ಸಿದ್ದಲಿಂಗ ಕುಕ್ಕರಿನ ಇಡ್ಲಿಯಂತೆ ಬೇಯುತ್ತಿದ್ದ.

"ಎಳಿ ಬಸವ," ಎಂದರು ಗವರ್ನರು.

ಎತ್ತು ಹಿಂಗಾಲ ಮೇಲೆ ಎದ್ದು ನಿಂತಿತು. "ಉಳೋರು ನಾವು, ಕುರ್ಚಿ ನಿಮಗಾ?"

ಚಪ್ಪಾಳೆಗೆ ಹಾಲ್ ಅದುರಿತು. ಶೋಭನಾ ಕೂಡ ಚಪ್ಪಾಳೆ ತಟ್ಟಿದರು, ಬೇರೆಯವರು ತಟ್ಟುತ್ತಿದ್ದರಲ್ಲ.

ನಾಟಕದ ಬೆನ್ನಿಗೇ ವಾರ್ಷಿಕ ಸಭೆ. ಹೊಸ ಅಧ್ಯಕ್ಷರ ಆಯ್ಕೆ. "ಎತ್ತೇ ಆಗಲಿ," ಎಂದಿತು ಹಿಂದಿನ ಸಾಲಿನಿಂದೊಂದು ದನಿ. ಸ್ವೀಡಿಶ್ ಪದ್ಧತಿಯಲ್ಲಿ ಚೀಟಿ ಹಾಕುವ ಗೋಜಿಲ್ಲ. ಎಲ್ಲರೂ "ಯಾ", ಅಂದರೆ ಹೌದು, ಎಂದರು, ಶೋಭನಾ ಸುತ್ತಿಗೆ ಕುಟ್ಟಿದರು, ಮುಗಿಯಿತು. ಎತ್ತಿನ ಕಣ್ಣು ತುಂಬಿ ಬಂತು. ಆಳುಗಳ ರಾಜ್ಯ ಬಂದೇಬಿಟ್ಟಿತ್ತು.

ಜನ ಚದುರಿದ ಮೇಲೆ ರಮಾನಂದರು ಬಂದು, ಹಾಲ್ ಬೀಗದ ಕೀಲಿಯನ್ನೂ ನೆಲ ಒರೆಸುವ ಮಾಪನ್ನೂ ಎತ್ತಿನ ಮುಂಗಾಲಿಗೆ ಸಿಕ್ಕಿಸಿದರು.

"ಕಂಗ್ರಾಟ್ಸ್ ಅಧ್ಯಕ್ಷರೇ. ಹಿಂದಿಂದ ಕೂಗಿದ್ದು ನಾನೇ. ಇದನ್ನ ಯಾರ ತಲೆಗೆ ಕಟ್ಟೋದು ಅಂತ ವರ್ಷಗಳಿಂದ ಹುಡುಕ್ತಿದ್ದೆ. ಬಾಡಿಗೆಗೆ ತಗೊಂಡೋರೇ ಹಾಲ್ ಒರೆಸಿ ಕೊಡ್ಬೇಕು, ಅಂದ್ರೆ ಅಧ್ಯಕ್ಷರು, ಗೊತ್ತಲ್ಲ. ಬೆಳಗ್ಗೆ ಬಂದು ಚೆಕ್ ಮಾಡ್ತಾರೆ."

ನೆಲದ ತುಂಬ ಚಿತ್ರಾನ್ನ. ಸಿದ್ದಲಿಂಗ ಸುತ್ತ ನೋಡಿದ. ಬಾಗಿಲ ಬಳಿ ಧೀರಜ್ ಹೊರಡಲು ನಿಂತಿದ್ದ. ಅಧಿಕಾರದ ದನಿ ತಾನಾಗಿಯೇ ಹೊರಟಿತು. "ಧೀರಜ್, ನೀನು ಒರೆಸ್ತಾ ಇರು. ನಾನು ಅಧ್ಯಕ್ಷರ ಫೋಟೋ ಮುಗಿಸ್ಕೊಂಡು ಬರ್ತೀನಿ."

ಧೀರಜ್ ಜಾಕೆಟ್ಟಿನ ಜಿಪ್ ಎಳೆದುಕೊಂಡ. ಗಂಟಲು ಸರಿಮಾಡಿಕೊಂಡ. ಬಾಯಿಪಾಠ ವ್ಯರ್ಥವಾಗಲಿಲ್ಲ.

"ಉಳೋರು ನಾವು, ಕುರ್ಚಿ ನಿಮಗಾ?" ಎಂದ. "ಒರೆಸಲ್ಲ, ಹೋಗಣ್ಣ."