ಬೊಕ್ಕಸ ಸೇರಿದ ಹಸಿರು ವೈರು

ಬಹಳ ಹಿಂದೆ, ಪ್ಲಗ್ಗಿಗೆ ಮೂರು ಪಿನ್ನಿದ್ದರೂ ಗೋಡೆಗೆ ಎರಡೇ ತೂತಿದ್ದ ಕಾಲದಲ್ಲಿ, ಪ್ರಭಾವಳಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ನಿರಂತರಪ್ರಭ ಮಹಾರಾಜರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಅರ್ಥವಾಗಲಿಲ್ಲ ಎಂದು ಅವರು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಒಂದು ದಿನ ದೋಸೆ ಹಿಟ್ಟು ಮಾರುವ ಕೆಂಪಸಿದ್ದಮ್ಮ ಆಸ್ಥಾನಕ್ಕೆ ಬಂದು ಕೈಮುಗಿದಳು.

"ಬುದ್ಧೀ, ಗ್ರೈಂಡರ್ ಮುಟ್ಟುದ್ರೆ ಕರೆಂಟ್ ಹೊಡೀತದೆ. ಬಸುರಿ ಸೊಸೆ ಮೊನ್ನೆ ಎಗರಿ ಬಿದ್ಲು. ಮನೇಲಿ ಅರ್ಥಿಂಗ್ ಇಲ್ಲ, ಹಸಿರು ವೈರು ನೆಲದೊಳಕ್ಕೆ ಹೋಗ್ಬೇಕು ಅಂತಾನೆ ಲೈನ್‌ಮನ್ನು. ನಮ್ ಬೀದೀಲಿ ಯಾರ ಮನೇಲೂ ಇಲ್ಲ. ಅದೊಂದು ಮಾಡುಸ್ಕೊಡಿ."

ಮಹಾರಾಜರು ಆಸ್ಥಾನ ಪಂಡಿತರತ್ತ ನೋಡಿದರು. ಪಂಡಿತರು ಶಾಲು ಸರಿಪಡಿಸಿಕೊಂಡರು.

"ಅರ್ಥವೆಂದರೆ ಧನ, ಪ್ರಭು. ಅರ್ಥಿಂಗ್ ಎಂದರೆ ಧನದ ಹರಿವು. ಇದು ಅರ್ಥಮಂತ್ರಿಗಳ ಖಾತೆಗೆ ಬರುತ್ತದೆ."

ಅರ್ಥಮಂತ್ರಿ ದ್ರವ್ಯಸೇನರು ಆಗಲೇ ಎದ್ದು ನಿಂತಿದ್ದರು. "ರಾಜ್ಯದ ಅರ್ಥವನ್ನು ಮಣ್ಣುಪಾಲು ಮಾಡುವುದೇ? ಎಲ್ಲ ಮನೆಗಳ ಅರ್ಥವೂ ಬೊಕ್ಕಸಕ್ಕೇ ಬರಬೇಕು, ಪ್ರಭು."

"ನಮಗೂ ಅದೇ ಹೊಳೆದಿತ್ತು" ಎಂದರು ಮಹಾರಾಜರು.

"ಹೊಳೆಯದೆ ಇರುತ್ತದೆಯೇ? ತಾವು ನಿರಂತರಪ್ರಭರು!" ಎಂದರು ಪಂಡಿತರು.

ಗೃಹೋಪಯೋಗಿ ಉಪಕರಣ ಸುರಕ್ಷತಾ ಸಂಹಿತೆ ಜಾರಿಗೆ ಬಂತು. ಪ್ರತಿ ಮನೆಯ ಗ್ರೈಂಡರು, ಫ್ರಿಜ್ಜು, ಗೀಸರುಗಳ ಮೈಗೆ ಹಸಿರು ವೈರು ಬಿಗಿದು, ಕಂಬದಿಂದ ಕಂಬಕ್ಕೆ ಎಳೆದು, ಬೊಕ್ಕಸದ ಕಬ್ಬಿಣದ ಬಾಗಿಲಿಗೆ ಕಟ್ಟಲಾಯಿತು. ಅಲ್ಲಿಂದ ಒಂದು ಎಳೆಯೂ ನೆಲಕ್ಕಿಳಿಯಲಿಲ್ಲ. ವೈರಿನ ಖರ್ಚು ಜನರದು, ಉದ್ಘಾಟನೆ ಮಹಾರಾಜರದು. ಅರಮನೆಯ ವೈರು ಮಾತ್ರ ಹಿಂದಿನಂತೆ ಮಣ್ಣಿಗೇ ಹೋಗುತ್ತಿತ್ತು. ಪರಂಪರೆಯ ಪ್ರಶ್ನೆಯಾದ್ದರಿಂದ ವಿನಾಯಿತಿ ನೀಡಲಾಗಿತ್ತು.

ಮಾರನೆಯ ದಿನದಿಂದ ಕೆಂಪಸಿದ್ದಮ್ಮನ ಗ್ರೈಂಡರಿನ ಕರೆಂಟು ಊರಿನ ಫ್ರಿಜ್ಜುಗಳಲ್ಲೆಲ್ಲ ಹೊಡೆಯತೊಡಗಿತು. ಊರಿನ ಗೀಸರುಗಳದು ಅವಳ ಮನೆಗೆ ಬಂತು. ಕರೆಂಟು ಹೋದಾಗ ಉಳ್ಳವರ ಇನ್ವರ್ಟರ್ ಬ್ಯಾಟರಿಗಳು ಈ ವಿನಿಮಯ ನಿಲ್ಲದಂತೆ ನೋಡಿಕೊಂಡವು. ಜನ ರಬ್ಬರ್ ಚಪ್ಪಲಿ ಹಾಕಿಕೊಂಡು, ಮರದ ಮಣೆಯ ಮೇಲೆ ನಿಂತು ಅಡುಗೆ ಮಾಡಿದರು. ಅರ್ಥಮಂತ್ರಿಗಳು ಪತ್ರಿಕಾಗೋಷ್ಠಿ ಕರೆದು, ಅರ್ಥದ ಸಮಾನ ಹಂಚಿಕೆ ಪೂರ್ಣಗೊಂಡಿದೆ ಎಂದರು.

ಕೆಂಪಸಿದ್ದಮ್ಮ ಮತ್ತೆ ಬಂದಳು. ಈ ಸಲ ಕೈಮುಗಿಯಲಿಲ್ಲ.

"ಪ್ಲಗ್ ಕಿತ್ತು ಗ್ರೈಂಡರ್‌ನ ಮೂಲೇಲಿ ಇಟ್ಟಿದ್ದೆ, ಬುದ್ಧೀ. ನೆಲ ಒರುಸ್ತಾ ಸೊಸೆ ಅದನ್ನ ಮುಟ್ಟುದ್ಲು. ಪ್ಲಗ್ಗೇ ಹಾಕ್ದಿರೋ ಗ್ರೈಂಡರು, ಆ ಹಸಿರು ವೈರಿಂದ ಹೊಡೀತು. ಅವಳೂ ಇಲ್ಲ, ಹೊಟ್ಟೇಲಿದ್ದ ಮಗೂನೂ ಇಲ್ಲ."

ಪಂಡಿತರು ಮತ್ತೆ ಶಾಲು ಸರಿಪಡಿಸಿಕೊಂಡರು.

"ಬೊಕ್ಕಸದೊಡನೆ ಸಂಪರ್ಕದಲ್ಲಿದ್ದಾಗಲೇ ಬಂದ ಸಾವು" ಎಂದರು ಪಂಡಿತರು. "ಇದಕ್ಕಿಂತ ಅರ್ಥಪೂರ್ಣ ಮರಣ ಉಂಟೇ?"

ಮಹಾರಾಜರು ಕಣ್ಣೊರೆಸಿಕೊಂಡು, ದ್ರವ್ಯಸೇನರಿಗೆ ಪೇಟ ತೊಡಿಸಿ 'ಅರ್ಥಸಾರ್ವಭೌಮ' ಬಿರುದು ಕೊಟ್ಟರು. ಪೇಟ ಸರಿಮಾಡಿಕೊಳ್ಳುತ್ತಿದ್ದ ದ್ರವ್ಯಸೇನರಿಗೆ ಏನೋ ನೆನಪಾಯಿತು.

"ಪ್ಲಗ್ ಹಾಕದೆ ಕರೆಂಟು ಬಂದಿದೆ ಎಂದರೆ ಮೀಟರಿಗೆ ಸಿಗದೆ ಬಂದಿದೆ, ಪ್ರಭು. ಇದು ವಿದ್ಯುತ್ ಕಳವು. ಈಕೆ ದಂಡ ಕಟ್ಟಬೇಕು."

"ಆ ವೈರನ್ನಾದ್ರೂ ಕಿತ್ತಾಕ್ಲಾ?" ಎಂದು ಕೆಂಪಸಿದ್ದಮ್ಮ ಕೇಳಿದಳು.

"ಕಿತ್ತರೆ ಸೆರೆಮನೆ. ಅರ್ಥವಾಯಿತೇ?" ಎಂದರು ಮಹಾರಾಜರು.

ಅರ್ಥವಾಯಿತು, ಅರ್ಥವಾಯಿತು ಎಂದು ಸಭೆಯೆಲ್ಲ ತಲೆಯಾಡಿಸಿತು.

ಕೆಂಪಸಿದ್ದಮ್ಮ ದಂಡ ಕಟ್ಟಲು ಹೋದಳು. ಬೊಕ್ಕಸದ ಮುಂದೆ ದೊಡ್ಡ ಸಾಲಿತ್ತು. ರಾಜಮರ್ಯಾದೆಯ ಪ್ರಕಾರ ಎಲ್ಲರೂ ರಬ್ಬರ್ ಚಪ್ಪಲಿಯನ್ನು ಹೊರಗೆ ಬಿಟ್ಟು, ಆ ಕಬ್ಬಿಣದ ಬಾಗಿಲನ್ನು ಬರಿಗೈಯಲ್ಲಿ ತಳ್ಳಿಕೊಂಡು ಒಳಗೆ ಹೋಗಬೇಕಿತ್ತು.