ಹಳೆ ಡಬ್ಬಕ್ಕೆ ಹೊಸ ಮೆಮೊರಿ

ಶಿವಮೊಗ್ಗದ ರವೀಂದ್ರನಗರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಹಳೆ ಕಂಪ್ಯೂಟರಿಗೆ ಮೆಮೊರಿ ಹೆಚ್ಚಿಸಿಕೊಡುವುದು ಐದೇ ನಿಮಿಷದ ಕೆಲಸ. ಮುಚ್ಚಳ ತೆಗೆಯಬೇಕು, ಗೇಣುದ್ದವೂ ಇಲ್ಲದ ಹಸಿರು ಪಟ್ಟಿಯೊಂದನ್ನು ಒಳಗೆ ಒತ್ತಬೇಕು, ಮುಚ್ಚಳ ಹಾಕಬೇಕು. ಆದರೆ ಇಷ್ಟು ವರ್ಷದಲ್ಲಿ ಒಂದು ಸಲವೂ ಅದು ಐದು ನಿಮಿಷಕ್ಕೆ ಮುಗಿದಿಲ್ಲ. ಕಂಪ್ಯೂಟರ್ ಪಾಪ, ಅದರಷ್ಟಕ್ಕೆ ಇರುತ್ತದೆ. ಜೊತೆಗೆ ಬರುವ ಮನುಷ್ಯರಿಂದಲೇ ನನಗೆ ಜೀವನ ಸಾಕಾಗಿರುವುದು.

ಅಜ್ಜನನ್ನು ಅಳಿಸಿದ್ದು

ಆಯನೂರಿನ ಹಿರಿಯರೊಬ್ಬರು ತಮ್ಮ ಮನೆತನದ ವಂಶಾವಳಿಯನ್ನು ಎರಡು ವರ್ಷ ಕೂತು ಒಂದೇ ಬೆರಳಲ್ಲಿ ಟೈಪ್ ಮಾಡಿದ್ದರು. ಈಗ ಆ ಫೈಲ್ ತೆರೆಯಲು ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ನಾನು ಹಳೆ ಪಟ್ಟಿ ತೆಗೆದು, ಅದರ ಅಂಚಿಗೆ ಹಿಡಿದಿದ್ದ ಕೊಳೆಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜತೊಡಗಿದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವುದೇ ಅದು.

"ಏನ್ ಮಾಡ್ತಿದೀಯ ಮಾರಾಯ್ತಿ!" ಹಿರಿಯರು ಕುರ್ಚಿಯಿಂದ ಎದ್ದೇಬಿಟ್ಟರು. "ಮೆಮೊರೀನ ರಬ್ಬರಲ್ಲಿ ಅಳಿಸ್ತಿದೀಯಲ್ಲ! ನಮ್ಮಜ್ಜ, ಮುತ್ತಜ್ಜ ಎಲ್ಲಾ ಅದ್ರಲ್ಲೇ ಇದ್ರು!"

ಬರೆದಿಟ್ಟಿದ್ದೆಲ್ಲ ಬೇರೆ ಜಾಗದಲ್ಲಿ ಭದ್ರವಾಗಿರುತ್ತದೆ ಎಂದೆ. ನಂಬಲಿಲ್ಲ. ಕಣ್ಣಲ್ಲಿ ನೀರೇ ಬಂತು. ಹೊಸ ಪಟ್ಟಿ ಕೂರಿಸಿ, ಫೈಲ್ ತೆರೆದು ತೋರಿಸಿದೆ. ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ನೋಡಿದರು. ಸತ್ತವರೆಲ್ಲ ಕ್ಷೇಮವಾಗಿದ್ದರು. ಕೊನೆಗೆ ಒಂದು ಹೆಸರಿನ ಮೇಲೆ ಬೆರಳು ನಿಂತಿತು.

"ಇವ್ನು ನಮ್ಮ ಚಿಕ್ಕಪ್ಪನ ಮಗ. ಜಾಗದ ಕೇಸ್ ಹಾಕಿದಾನೆ. ಆ ರಬ್ಬರ್ ಸ್ವಲ್ಪ ಇಲ್ಲಿ ಕೊಡು."

ಅರ ಹಾಕಿದ್ದು

ಭದ್ರಾವತಿಯಲ್ಲಿ ಜೀವಮಾನವೆಲ್ಲ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರೊಬ್ಬರು ಮೆಮೊರಿಯನ್ನು ತಾವೇ ತರಿಸಿ, ತಾವೇ ಹಾಕಿದ್ದರು. ಆಮೇಲೆ ಕಂಪ್ಯೂಟರನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು.

"ಕೂತಿದೆ ಕಣಮ್ಮ. ಆನ್ ಮಾತ್ರ ಆಗ್ತಿಲ್ಲ."

ಬಿಚ್ಚಿ ನೋಡಿದೆ. ಬೇರೆ ಜಾತಿಯ ಮೆಮೊರಿ. ತಪ್ಪು ಪಟ್ಟಿ ಒಳಗೆ ಹೋಗಬಾರದು ಅಂತಲೇ ಒಂದೊಂದು ಜಾತಿಗೂ ಒಂದೊಂದು ಕಡೆ ಕಚ್ಚು ಕೊಟ್ಟಿರುತ್ತಾರೆ. ಇದರಲ್ಲಿ ಎರಡು ಕಚ್ಚು ಇದ್ದವು.

"ಒಂದು ಕಂಪನಿಯೋರ್ದು, ತಪ್ಪು ಜಾಗದಲ್ಲಿ ಹೊಡ್ದಿದ್ರು," ಎಂದರು. "ಇನ್ನೊಂದು ನಂದು. ಅರ ಹಾಕಿ ಉಜ್ಜಿ ಸರಿ ಮಾಡ್ದೆ."

"ಸರ್, ಪಟ್ಟಿಯೂ ಸುಟ್ಟಿದೆ, ಬೋರ್ಡೂ ಸುಟ್ಟಿದೆ."

ಅವರು ಬಗ್ಗಿ ತುಂಬ ಹೊತ್ತು ನೋಡಿದರು. "ಅದಿರ್ಲಿ, ಫಿಟ್ಟಿಂಗ್ ನೋಡಮ್ಮ. ಕೂದ್ಲೂ ತೂರಲ್ಲ!"

ವೇಗ ಹೆಚ್ಚಾದದ್ದು

ಒಂದು ಸರ್ಕಾರಿ ಕಚೇರಿಯ ಕಂಪ್ಯೂಟರ್ ಎಷ್ಟು ಹಳೆಯದೆಂದರೆ ಅದರ ಮೆಮೊರಿ ಅಂಗಡಿಗಳಲ್ಲಿ ಕಣ್ಮರೆಯಾಗಿ ಎಷ್ಟೋ ಕಾಲವಾಗಿತ್ತು. ಮೂರು ವಾರ ಅಲೆದು, ಕೊನೆಗೆ ಭದ್ರಾವತಿಯ ಗುಜರಿಯೊಂದರಲ್ಲಿ ಪತ್ತೆಹಚ್ಚಿ ತಂದು ಹಾಕಿದೆ. ಸ್ವಿಚ್ ಒತ್ತಿದರೆ ನಿಮಿಷದೊಳಗೆ ತೆರೆದುಕೊಂಡಿತು! ಕಿಟಕಿಯಾಚೆ ಸಾಲಲ್ಲಿ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಕಸುಬಿನ ಬಗ್ಗೆ ಹೆಮ್ಮೆಯಾಯಿತು. ಆ ಹೆಮ್ಮೆ ಬಾಳಿದ್ದು ಒಂದು ವಾರ.

"ಮೇಡಂ, ಅರ್ಜೆಂಟಾಗಿ ಬನ್ನಿ. ದೊಡ್ಡ ತೊಂದ್ರೆ ಆಗಿದೆ," ಎಂದು ಗುಮಾಸ್ತರ ಫೋನ್. ಓಡಿದೆ. ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿತ್ತು. ಗುಮಾಸ್ತರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು.

"ಮೊದ್ಲು ಸ್ವಿಚ್ ಹಾಕಿ ತಿಂಡಿಗೆ ಹೋಗ್ತಿದ್ವಿ. ಬರೋ ಹೊತ್ತಿಗೆ ಆನ್ ಆಗಿರೋದು. ಈಗ ಬಂದ ತಕ್ಷಣ ಕೆಲ್ಸ ಮಾಡ್ಬೇಕಾಗಿದೆ. ‘ಸಿಸ್ಟಮ್ ಸ್ಲೋ ಇದೆ, ನಾಳೆ ಬನ್ನಿ’ ಅನ್ನೋ ಹಾಗೂ ಇಲ್ಲ. ಹಳೇ ಮೆಮೊರೀನೇ ಹಾಕ್ಕೊಡಿ."

"ಅದನ್ನ ಎಸೆದಾಯ್ತು ಸರ್."

ಅವರು ತಲೆ ಮೇಲೆ ಕೈ ಹೊತ್ತು ಕೂತರು. ಹೊರಗೆ ಸಾಲು ಬೆಳೆಯುತ್ತಲೇ ಇತ್ತು. ನಾನು ಚೀಲ ಎತ್ತಿಕೊಂಡು ಹೊರಟಾಗ ಹಿಂದಿನಿಂದ ಕರೆದರು.

"ಹೋಗ್ಲಿ ಮೇಡಂ, ಬಂದಿದ್ದಕ್ಕೆ ಆ ಪ್ರಿಂಟರನ್ನಾದ್ರೂ ಕೆಡಿಸಿ ಹೋಗಿ."